ಲೆಕ್ಕ ತೆಗೆದರೆ ಆಟ ಉಳಿಯುತ್ತಾ? ಕಂಪ್ಯೂಟರ್ ಒಗಟಿನ ಆಟಗಳ ಕಥೆ, ಕಲಾದಗಿಯಿಂದ

ಭಾಗ 1/10: ನೀಲಿ ಬಟ್ಟೆ

ಈ ಫೋಟೋ ತೆಗೆದದ್ದು ಹೋದ ತಿಂಗಳು. ನಾನು ಓದಿದ ಪ್ರಾಥಮಿಕ ಶಾಲೆಯ ಕೊನೇ ಕೋಣೆ. ಸಾಲಾಗಿ ಐದು ಕಂಪ್ಯೂಟರ್, ಮೇಲೆ ನೀಲಿ ಬಟ್ಟೆ, ಬಟ್ಟೆ ಮೇಲೆ ಧೂಳು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಈ ಕೋಣೆಗೆ ಹೋಗೋದು ಅಂದ್ರೆ ಜಾತ್ರೆಗೆ ಹೋದಂಗೆ. ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ ಒಳಗೆ. ಒಂದು ಕಂಪ್ಯೂಟರಿಗೆ ನಾಲ್ಕೈದು ಮಂದಿ. ಸೀಡಿ ಹಾಕಿದ್ರೆ ಒಂದು ಆಟ ಬರ್ತಿತ್ತು. ಹಳ್ಳದ ಮೇಲಿನ ಸೇತುವೆ ಮುರಿದಿದೆ, ಮೊಲ ಆಚೆ ದಾಟಬೇಕು. ಕೆಳಗೆ ಹಲಗೆಗಳು: ಅರ್ಧ, ಕಾಲು, ಮುಕ್ಕಾಲು. ಸರಿಯಾಗಿ ಕೂಡಿಸಿದ್ರೆ ಮೊಲ ದಾಟ್ತಿತ್ತು, ಇಲ್ಲಾಂದ್ರೆ ನೀರಿಗೆ ಬೀಳ್ತಿತ್ತು. ಎರಡು ಕಾಲು ಸೇರಿದ್ರೆ ಒಂದು ಅರ್ಧ ಅನ್ನೋದು ನನಗೆ ತಲೆಗೆ ಹೋದದ್ದು ಆ ಮೊಲ ಮೂರು ಸಲ ನೀರಿಗೆ ಬಿದ್ದ ಮೇಲೆ. ಮೌಸ್ ನನ್ನ ಕೈಗೆ ಸಿಕ್ಕಿದ್ದು ಹೆಚ್ಚಂದ್ರೆ ಎರಡು ನಿಮಿಷ. ಮುಂದಿನ ವರ್ಷ ಕೋಣೆಗೆ ಕೀಲಿ ಬಿತ್ತು.

ಇದನ್ನ ಈಗ ಯಾಕೆ ನೆನಪಿಸಿಕೊಳ್ತಿದೀನಿ ಅಂದ್ರೆ, ಹೋದ ತಿಂಗಳೇ ನಮ್ಮ ಮನೆಗೆ ಒಬ್ಬರು ಟ್ಯಾಬ್ ಹಿಡಕೊಂಡು ಬಂದಿದ್ರು. ಐದನೇ ಇಯತ್ತೆ ಓದೋ ನನ್ನ ತಮ್ಮನಿಗೆ ಹತ್ತು ಪ್ರಶ್ನೆ ಕೇಳಿದ್ರು. ಮೂರು ಸರಿ ಬಂದ್ವು. "ಹುಡುಗ ಗಣಿತದಾಗ ಭಾಳ ಹಿಂದ ಅದಾನ. ನಮ್ಮ ಆ್ಯಪ್‌ನಾಗ ಆಟ ಆಡಕೋತ ಕಲೀತಾನ" ಅಂದ್ರು. ತಿಂಗಳಿಗೆ ಎರಡೂವರೆ ಸಾವಿರ, ಎರಡು ವರ್ಷ. ಲೆಕ್ಕ ಹಾಕಿ: ಅರವತ್ತು ಸಾವಿರ. ಅಪ್ಪನ ದಾಳಿಂಬೆ ತೋಟದ ರೊಕ್ಕ.

ಅಪ್ಪ ಸಹಿ ಮಾಡಲಿಲ್ಲ, ಬೇಡ ಅಂತಾನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ, "ನೀ ಬಿಕಾಂ ಓದಾಕತ್ತಿಯಲ್ಲ. ಆಟದಿಂದ ಹುಡುಗ ಶಾಣ್ಯಾ ಆಗ್ತಾನೋ ಇಲ್ಲೋ, ನೀನ ಹೇಳು" ಅಂದ.

ನಾನು ಒಂದು ವಾರ ಟೈಮ್ ಕೇಳಿದೆ. ಆ ವಾರ ಓದಿದ್ದೇ ಈ ಹತ್ತು ಪೋಸ್ಟ್.

ಭಾಗ 2/10: ಕಂಪ್ಯೂಟರಿಗೂ ಮುಂಚೆ

ಆಟದಿಂದ ಕಲಿಯೋದು ಯಾರೋ ಆ್ಯಪ್ ಕಂಪನಿಯವರು ಕಂಡುಹಿಡಿದದ್ದಲ್ಲ. ನಮ್ಮ ಅಮ್ಮ (ಅಂದ್ರೆ ಅಜ್ಜಿ) ಸಾಲಿ ಕಟ್ಟಿ ಹತ್ತಿದವಳಲ್ಲ. ಆದ್ರೆ ಚೌಕಾಬಾರ ಆಡೋವಾಗ ನಾಲ್ಕು ಕವಡಿ ಬಿದ್ದ ಕ್ಷಣಕ್ಕೆ ಯಾವ ಕಾಯಿ ಎಲ್ಲಿಗೆ ಹೋಗುತ್ತೆ, ಯಾರದ್ದು ಸಾಯುತ್ತೆ ಅಂತ ನಮಗಿಂತ ಮೊದಲೇ ಹೇಳ್ತಿದ್ಲು. ಹುಲಿ-ಕುರಿ ಆಟದಲ್ಲಿ ನಾನು ಯಾವತ್ತೂ ಹುಲಿಯಾಗಿ ಗೆದ್ದಿಲ್ಲ. ರಾತ್ರಿ ಕರೆಂಟ್ ಹೋದ್ರೆ ಒಡಪು. ಉತ್ತರ ಕೇಳಿದ್ರೆ ಹೇಳ್ತಿರಲಿಲ್ಲ, "ಇನ್ನೊಂದೀಟು ವಿಚಾರ ಮಾಡು" ಅಂತಿದ್ಲು.

ಇನ್ನೂ ಹಿಂದೆ ಹೋಗೋಣ. ಪಟ್ಟದಕಲ್ಲಿನ ಜೈನ ದೇವಾಲಯ ನೋಡಿದೀರಲ್ಲ? ಬೇರೆ ಗುಡಿಗಳಿಂದ ಸ್ವಲ್ಪ ದೂರ, ಒಂದೇ ನಿಂತಿರುತ್ತೆ. ಅದು ರಾಷ್ಟ್ರಕೂಟರ ಕಾಲದ್ದು. ಅದೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಅನ್ನೋ ಗಣಿತಜ್ಞ 'ಗಣಿತಸಾರಸಂಗ್ರಹ' ಅಂತ ಸಂಸ್ಕೃತದಲ್ಲಿ ಪುಸ್ತಕ ಬರೆದ. ಅದರಲ್ಲಿ ಲೆಕ್ಕಗಳು ಒಣ ಲೆಕ್ಕ ಅಲ್ಲ, ಒಗಟು. ಹಣ್ಣು ಹಂಚೋದು, ವ್ಯಾಪಾರಿಗಳ ದುಡ್ಡು, ಹರಿದು ಬಿದ್ದ ಮುತ್ತಿನ ಹಾರ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಹೆಸರು ನೋಡಿ, ನಮ್ಮ ಬಿಕಾಂ ಪೇಪರಿನ ಹೆಸರು ಇದ್ದಂಗಿದೆ!

ಒಗಟು ಮತ್ತು ಪರೀಕ್ಷೆ ಪ್ರಶ್ನೆಗೆ ಏನು ವ್ಯತ್ಯಾಸ? ಪರೀಕ್ಷೆಯಲ್ಲಿ ಸೂತ್ರ ಮೊದಲು ಹೇಳಿಕೊಡ್ತಾರೆ, ಆಮೇಲೆ ಕೇಳ್ತಾರೆ. ತಪ್ಪಿದ್ರೆ ಮಾರ್ಕ್ಸ್ ಹೋಯ್ತು. ಒಗಟಿನಲ್ಲಿ ಸೂತ್ರ ನೀವೇ ಹುಡುಕಬೇಕು. ತಪ್ಪಿದ್ರೆ ಇನ್ನೊಮ್ಮೆ ನೋಡಬಹುದು, ತಪ್ಪೇ ನಿಮಗೆ ಏನೋ ಒಂದು ಹೇಳಿರುತ್ತೆ. ನನ್ನ ಮೊಲ ನೀರಿಗೆ ಬಿದ್ದಂಗೆ.

ಕಂಪ್ಯೂಟರ್ ಬಂದಾಗ ಕೆಲವರಿಗೆ ಹೊಳೆದದ್ದು ಇದೇ: ಈ ಯಂತ್ರಕ್ಕೆ ಬೇಸರ ಆಗಲ್ಲ. ಮಗು ನೂರು ಸಲ ತಪ್ಪಿದ್ರೂ ಬೈಯಲ್ಲ.

ಭಾಗ 3/10: ಪರದೆ ಇಲ್ಲದ ಕಂಪ್ಯೂಟರ್

1967. ಅಮೆರಿಕದ ಮ್ಯಾಸಚೂಸೆಟ್ಸ್. ವಾಲಿ ಫ್ಯೂರ್‌ಝೈಗ್, ಸೆಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಸೇರಿ ಮಕ್ಕಳಿಗೋಸ್ಕರ 'ಲೋಗೋ' ಅನ್ನೋ ಕಂಪ್ಯೂಟರ್ ಭಾಷೆ ಮಾಡಿದ್ರು. ಸ್ವಲ್ಪ ವರ್ಷದಲ್ಲಿ ಅದಕ್ಕೆ ಒಂದು ಆಮೆ ಸೇರಿತು. "50 ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ" ಅಂತ ಹೇಳಿದ್ರೆ ಆಮೆ ಗೆರೆ ಎಳೆಯುತ್ತಾ ಹೋಗುತ್ತೆ. ನಾಲ್ಕು ಸಲ ಹೇಳಿದ್ರೆ ಚೌಕ. ತ್ರಿಕೋನ ಬೇಕಾ? 60 ಅಂತ ಕೊಟ್ರೆ ಬರಲ್ಲ. ಆಮೆ ಎಲ್ಲೋ ಹೋಗುತ್ತೆ. ಮಗು ಎದ್ದು ನಿಂತು ತಾನೇ ಆಮೆಯಂಗೆ ನಡೆದು ನೋಡುತ್ತೆ, ತಿರುಗಬೇಕಾದದ್ದು 120 ಅಂತ ಗೊತ್ತಾಗುತ್ತೆ. ನಮ್ಮಲ್ಲಿ ಎಷ್ಟೋ ಮಂದಿ ಏಳನೇ-ಎಂಟನೇ ಇಯತ್ತೆಯಲ್ಲಿ ಲೋಗೋ ಪಾಠವನ್ನ ನೋಟ್‌ಬುಕ್‌ನಲ್ಲಿ ಬರೆದು ಬಾಯಿಪಾಠ ಮಾಡಿದೀವಿ. ಆಮೆ ಮಾತ್ರ ನೋಡಿಲ್ಲ!

ಎರಡನೇ ಕಥೆ ನನಗೆ ಇನ್ನೂ ಇಷ್ಟ, ಯಾಕಂದ್ರೆ ಅವರು ನಮ್ಮ ವಯಸ್ಸಿನವರು. 1971, ಮಿನಿಯಾಪೊಲಿಸ್. ಡಾನ್ ರಾವಿಚ್ ಅನ್ನೋ ಕಾಲೇಜ್ ಹುಡುಗ ಶಾಲೆಯಲ್ಲಿ ಇತಿಹಾಸ ಪಾಠ ಮಾಡೋ ಟ್ರೇನಿಂಗ್‌ನಲ್ಲಿದ್ದ. ರೂಮ್‌ಮೇಟ್‌ಗಳಾದ ಬಿಲ್ ಹೈನಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಜೊತೆ ಸೇರಿ ಸುಮಾರು ಎರಡು ವಾರದಲ್ಲಿ 'ದಿ ಒರೆಗಾನ್ ಟ್ರೇಲ್' ಆಟ ಮಾಡಿದ. ಎತ್ತಿನ ಬಂಡಿಯಲ್ಲಿ ಪಶ್ಚಿಮಕ್ಕೆ ಗುಳೆ ಹೋಗೋ ಕುಟುಂಬ. ಊಟಕ್ಕೆ ಎಷ್ಟು ಖರ್ಚು, ಎತ್ತಿಗೆ ಎಷ್ಟು, ಬಟ್ಟೆಗೆ ಎಷ್ಟು? ಲೆಕ್ಕ ತಪ್ಪಿದ್ರೆ ದಾರಿಯಲ್ಲೇ ಸಾವು.

ಆ ಶಾಲೆಯಲ್ಲಿ ಕಂಪ್ಯೂಟರಿಗೆ ಪರದೆ ಇರಲಿಲ್ಲ. ಟೈಪ್‌ರೈಟರ್ ಥರದ ಟೆಲಿಟೈಪ್ ಕಾಗದದ ಮೇಲೆ ಅಕ್ಷರ ಹೊಡೀತಿತ್ತು. ಮಕ್ಕಳು ಗುಂಪಾಗಿ ನಿಂತು, ಒಬ್ಬ ನಕ್ಷೆ ನೋಡಿ, ಒಬ್ಬ ಲೆಕ್ಕ ಇಟ್ಟು, ಒಬ್ಬ ಟೈಪ್ ಮಾಡ್ತಿದ್ರು.

ಇದನ್ನ ನೆನಪಿಡಿ. ಒಂದು ಯಂತ್ರ, ಸುತ್ತ ನಾಲ್ಕೈದು ಮಕ್ಕಳು, ನಡುವೆ ಜಗಳ. ಈ ಚಿತ್ರ ಮುಂದೆ ಮತ್ತೆ ಬರುತ್ತೆ.

ಭಾಗ 4/10: ಎರಡು ಡಾಲರ್ ಬಂಡವಾಳ

ಬಿಕಾಂ ದೋಸ್ತ್ರ, ಇದು ನಿಮಗೆ.

1973ರಲ್ಲಿ ಮಿನೆಸೋಟಾ ರಾಜ್ಯ ತನ್ನ ಶಾಲೆಗಳಿಗೆ ಕಂಪ್ಯೂಟರ್ ಪಾಠ ಒದಗಿಸೋಕೆ ಎಂಇಸಿಸಿ ಅನ್ನೋ ಸಂಸ್ಥೆ ಕಟ್ಟಿತು. ಒರೆಗಾನ್ ಟ್ರೇಲ್ ಮುಂದೆ ಇವರ ಮೂಲಕವೇ ಎಲ್ಲಾ ಕಡೆ ಹಬ್ಬಿತು. ಇವರದ್ದೇ ಇನ್ನೊಂದು ಆಟ ಬಾಬ್ ಜೇಮಿಸನ್ ಬರೆದ 'ಲೆಮನೇಡ್ ಸ್ಟ್ಯಾಂಡ್'. ಅಂದ್ರೆ ಲಿಂಬು ಶರಬತ್ತಿನ ಅಂಗಡಿ.

1979ರ ಆಪಲ್ ಕಂಪ್ಯೂಟರ್ ಆವೃತ್ತಿಯಲ್ಲಿ ಹೀಗಿತ್ತು: ನಿಮ್ಮ ಹತ್ತಿರ ಬಂಡವಾಳ 2 ಡಾಲರ್, ಅಂದ್ರೆ 200 ಸೆಂಟ್. ಮೊದಲ ದಿನ ಒಂದು ಗ್ಲಾಸ್ ಶರಬತ್ ಮಾಡೋಕೆ 2 ಸೆಂಟ್ ಖರ್ಚು. ಒಂದು ಬೋರ್ಡ್ ಹಾಕೋಕೆ 15 ಸೆಂಟ್. ಬೆಳಿಗ್ಗೆ ಹವಾಮಾನ ತೋರಿಸುತ್ತೆ: ಬಿಸಿಲು, ಮೋಡ, ಉರಿಬಿಸಿಲು. ನೀವು ಮೂರೇ ನಿರ್ಧಾರ ಮಾಡಬೇಕು. ಎಷ್ಟು ಗ್ಲಾಸ್? ಎಷ್ಟು ಬೋರ್ಡ್? ಗ್ಲಾಸಿಗೆ ಎಷ್ಟು ರೇಟ್?

50 ಗ್ಲಾಸ್ ಮಾಡಿದ್ರಿ, 100 ಸೆಂಟ್. ಎರಡು ಬೋರ್ಡ್, 30 ಸೆಂಟ್. ರೇಟ್ 10 ಇಟ್ಟು 30 ಗ್ಲಾಸ್ ಮಾರಿದ್ರೆ ಆದಾಯ 300, ಲಾಭ 170. ಆಹಾ ಅಂತ ರೇಟ್ 25 ಇಡ್ತೀರಿ. ಗಿರಾಕಿ ಬರಲ್ಲ. ಇಳಿಸ್ತೀರಿ, ಎಲ್ಲಾ ಖಾಲಿ, ಲಾಭ ಇಲ್ಲ. ಒಂದಿನ ಗುಡುಗು-ಮಳೆ ಬಂದು ಎಲ್ಲಾ ಹಾಳು. ಮೂರನೇ ದಿನದಿಂದ ಗ್ಲಾಸಿನ ಖರ್ಚೇ ಏರುತ್ತೆ.

ಬೇಡಿಕೆ, ಪೂರೈಕೆ, ಜಾಹೀರಾತು ವೆಚ್ಚ, ಅಪಾಯ. ಮೊದಲ ಸೆಮಿಸ್ಟರ್‌ನಲ್ಲಿ ನಾವು ವ್ಯಾಖ್ಯೆ ಬರೆದು ಪಾಸಾದದ್ದನ್ನ ಹತ್ತು ವರ್ಷದ ಮಕ್ಕಳು ಬೆರಳಲ್ಲಿ ಕಲಿತಿದ್ರು. ಅಪ್ಪನಿಗೆ ಇದನ್ನ ಹೇಳಿದಾಗ ಅಪ್ಪ ನಕ್ಕ. "ಇದು ಆಟ ಏನ್? ನಮ್ಮ ದಾಳಿಂಬ್ರಿ ಕಥೀನ ಐತಿ. ರೋಗ ಬರೂದು ಅಷ್ಟ ಬಿಟ್ಟಾರ."

ಇಲ್ಲಿ ಗಮನಿಸಿ: ಈ ಆಟದಿಂದ ಲೆಕ್ಕ ತೆಗೆದು ನೋಡಿ. ಏನೂ ಉಳಿಯಲ್ಲ. ಲೆಕ್ಕವೇ ಆಟ.

ಭಾಗ 5/10: ಬನಶಂಕರಿ ಜಾತ್ರೆಯ ಟಿವಿ ಗೇಮ್

ಈ ಫೋಟೋದ ಕೀಬೋರ್ಡ್ ಕಂಪ್ಯೂಟರಿನದ್ದಲ್ಲ. ನಾನು ಹುಟ್ಟೋಕೂ ಮುಂಚೆ ಮಾಮಾ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ತಂದ ಟಿವಿ ಗೇಮ್. ಹಿಂದೆ ಕ್ಯಾಸೆಟ್ ಚುಚ್ಚಿ, ಟಿವಿಗೆ ಜೋಡಿಸಿದ್ರೆ ಆಟ. ಡಬ್ಬಿ ಮೇಲೆ 'ಎಜುಕೇಶನಲ್ ಕಂಪ್ಯೂಟರ್' ಅಂತ ಇತ್ತು. ಅವ್ವ ಅದನ್ನ ಓದಿಯೇ ತರೋಕೆ ಒಪ್ಪಿದ್ದಂತೆ. ಮಾಮಾ ಆಡಿದ್ದು ಪೂರ್ತಿ ಮಾರಿಯೋ!

ಈ ಪೆಟ್ಟಿಗೆಗಳು 1983ರಲ್ಲಿ ಜಪಾನ್‌ನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಅದೇ ವರ್ಷ ನಿಂಟೆಂಡೊ ಒಂದು ಗಣಿತದ ಆಟವನ್ನೂ ತಂದಿತ್ತು: ಡಾಂಕಿ ಕಾಂಗ್ ಜೂನಿಯರ್ ಸರಪಳಿ ಹತ್ತಿ ಅಂಕಿ ಮತ್ತು ಚಿಹ್ನೆ ಮುಟ್ಟಿ, ಕೇಳಿದ ಸಂಖ್ಯೆ ಮಾಡಬೇಕು. 1983ರಲ್ಲೇ ಅಮೆರಿಕದಲ್ಲಿ 'ಮ್ಯಾಥ್ ಬ್ಲಾಸ್ಟರ್' ಬಂತು. ಲೆಕ್ಕಕ್ಕೆ ಸರಿ ಉತ್ತರ ಹುಡುಕಿ ಗುಂಡು ಹೊಡೆಯೋದು.

ಇಲ್ಲಿಂದ ದಾರಿ ಎರಡಾಯ್ತು. ಒಂದು ಕಡೆ, ಆಟ ಬೇರೆ ಲೆಕ್ಕ ಬೇರೆ. ಲೆಕ್ಕ ಮಾಡಿದ್ರೆ ಆಟದ ಬಹುಮಾನ. ಮಗುವಿಗೆ ಕಹಿ ಗುಳಿಗೆಯನ್ನ ಬೆಲ್ಲದಲ್ಲಿ ಮುಚ್ಚಿ ಕೊಟ್ಟಂಗೆ. ಮಗ್ಗಿ ಗಟ್ಟಿಯಾಗೋಕೆ ಇದೂ ಬೇಕು, ನಾನು ಅಲ್ಲಗಳೆಯಲ್ಲ. ಆದ್ರೆ ಮಗು ಬೆಲ್ಲ ನೆಕ್ಕಿ ಗುಳಿಗೆ ಉಗುಳುತ್ತೆ.

ಇನ್ನೊಂದು ಕಡೆ, 1982ರ 'ರಾಕೀಸ್ ಬೂಟ್ಸ್'. ವಾರೆನ್ ರಾಬಿನೆಟ್ ಮತ್ತು ಲೆಸ್ಲಿ ಗ್ರಿಮ್ ಮಾಡಿದ್ದು. ಪರದೆ ಮೇಲೆ ಬಣ್ಣ ಬಣ್ಣದ ಆಕಾರಗಳು ಒಂದೊಂದಾಗಿ ಬರ್ತವೆ. ಬೇಕಾದದ್ದನ್ನ ಮಾತ್ರ ಒಂದು ಬೂಟು ಒದೀಬೇಕು. "ನೀಲಿ ಮತ್ತು ಚೌಕ", "ಹಸಿರು ಅಥವಾ ವೃತ್ತ", "ಕೆಂಪು ಅಲ್ಲದ್ದು". ಆ ಬೂಟಿಗೆ ತಂತಿ ಜೋಡಿಸೋದು ಮಗು. ಈ ಮತ್ತು-ಅಥವಾ-ಅಲ್ಲ ಇವೇ ಕಂಪ್ಯೂಟರ್ ಒಳಗಿನ ತರ್ಕ. ಎಕ್ಸೆಲ್‌ನಲ್ಲಿ ನಾವು ಹಾಕೋ ಫಾರ್ಮುಲಾಗಳಲ್ಲೂ ಇವೇ ಮೂರು.

ಯಾವುದೇ ಆಟ ನೋಡಿದ್ರೂ ನಾನೀಗ ಒಂದೇ ಪ್ರಶ್ನೆ ಕೇಳ್ತೀನಿ: ಲೆಕ್ಕ ತೆಗೆದರೆ ಆಟ ಉಳಿಯುತ್ತಾ? ಉಳಿದ್ರೆ ಅದು ಬೆಲ್ಲ.

ಭಾಗ 6/10: ಸೀನೋ ಬಂಡೆಗಳು

ಈ ಸರಣಿಯ ನನ್ನ ಫೇವರಿಟ್ ಆಟ: 1996ರ 'ಜೂಂಬಿನಿಸ್'. ಮಾಡಿದವರು ಸ್ಕಾಟ್ ಓಸ್ಟರ್‌ವೈಲ್ ಮತ್ತು ಕ್ರಿಸ್ ಹ್ಯಾಂಕಾಕ್. ಅವರು ಕೆಲಸ ಮಾಡ್ತಿದ್ದದ್ದು ಟರ್ಕ್ ಅನ್ನೋ ಗಣಿತ-ವಿಜ್ಞಾನ ಶಿಕ್ಷಣದ ಸಂಸ್ಥೆಯಲ್ಲಿ.

ಜೂಂಬಿನಿ ಅಂದ್ರೆ ಸಣ್ಣ ನೀಲಿ ಜೀವಿ. ಅವುಗಳ ಊರನ್ನ ಬೇರೆಯವರು ಕಸಿದುಕೊಂಡಿದಾರೆ. 16-16 ಗುಂಪು ಮಾಡಿಕೊಂಡು ಹೊಸ ಊರಿಗೆ ಹೋಗಬೇಕು. (ಮುಳುಗಡೆಯಿಂದ ನವನಗರಕ್ಕೆ ಬಂದ ಮನೆಯವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.) ಪ್ರತಿ ಜೂಂಬಿನಿಗೆ ಕೂದಲು, ಕಣ್ಣು, ಮೂಗು, ಕಾಲು. ಒಂದೊಂದಕ್ಕೂ ಐದು ಬಗೆ. 5 × 5 × 5 × 5 = 625 ಬೇರೆ ಬೇರೆ ಮುಖ. ಪಿಯುಸಿಯಲ್ಲಿ ಸಂಯೋಜನೆ ಲೆಕ್ಕ ಮಾಡಿದವರಿಗೆ ಈಗ ನಗು ಬಂದಿರಬೇಕು.

ಮೊದಲ ಒಗಟು: ಎರಡು ಸೇತುವೆ, ಎರಡು ಬಂಡೆ. ಬಂಡೆಗೆ ಅಲರ್ಜಿ! ಯಾವುದೋ ಒಂದು ಲಕ್ಷಣ ಇರೋ ಜೂಂಬಿನಿ ಬಂದ್ರೆ ಸೀನಿ ವಾಪಸ್ ತಳ್ಳುತ್ತೆ. ಯಾವ ಲಕ್ಷಣ? ಆಟ ಹೇಳಲ್ಲ. ಕನ್ನಡಕದವನನ್ನ ಮೇಲಿನ ಸೇತುವೆಗೆ ಕಳಿಸಿದ್ರಿ, ಸೀನಿತು. ಕನ್ನಡಕಕ್ಕಾ, ಕೆಂಪು ಮೂಗಿಗಾ? ಈಗ ಕೆಂಪು ಮೂಗು ಇರೋ, ಕನ್ನಡಕ ಇಲ್ಲದವನನ್ನ ಕಳಿಸಿ. ದಾಟಿದ! ಹಾಗಾದ್ರೆ ಮೂಗು ಕಾರಣ ಅಲ್ಲ. ತಪ್ಪು ಹೆಚ್ಚಾದ್ರೆ ಸೇತುವೆ ಕಳಚುತ್ತೆ, ಉಳಿದವರು ಹಿಂದೆಯೇ ಉಳೀತಾರೆ.

ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ ನೋಡು. ಪ್ರಯೋಗಶಾಲೆಯಲ್ಲಿ ವಿಜ್ಞಾನಿ ಮಾಡೋದೂ ಇದನ್ನೇ, ಬೈಕ್ ಸ್ಟಾರ್ಟ್ ಆಗದಿದ್ರೆ ಮೆಕ್ಯಾನಿಕ್ ಮಾಡೋದೂ ಇದನ್ನೇ. ಆಟದಲ್ಲಿ ಎಲ್ಲೂ 'ಗಣಿತ' ಅನ್ನೋ ಪದ ಬರಲ್ಲ.

ಇಷ್ಟೆಲ್ಲಾ ಅಮೆರಿಕದ ಕಥೆ ಆಯ್ತು. ಆ ಹೊತ್ತಿಗೆ ನಮ್ಮಲ್ಲಿ ಏನಾಗ್ತಿತ್ತು?

ಭಾಗ 7/10: ಬಂದದ್ದು, ಎದ್ದು ಹೋದದ್ದು

1984ರಲ್ಲಿ ಭಾರತ ಸರ್ಕಾರ 'ಕ್ಲಾಸ್' ಅನ್ನೋ ಯೋಜನೆ ಶುರು ಮಾಡಿತು. ಮೊದಲು ದೇಶದ ಸುಮಾರು 250 ಶಾಲೆಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್. ಅವು ಇಂಗ್ಲಿಷ್ ಕಂಪ್ಯೂಟರ್. ನಮ್ಮ ಹಳ್ಳಿ ಶಾಲೆಯ ಮಾತು ದೂರ.

ಕರ್ನಾಟಕದಲ್ಲಿ ದೊಡ್ಡ ಅಲೆ ಬಂದದ್ದು 2001ರ ಆಸುಪಾಸು. 'ಮಾಹಿತಿ ಸಿಂಧು' ಯೋಜನೆಯಲ್ಲಿ ಸುಮಾರು ಸಾವಿರ ಸರ್ಕಾರಿ ಹೈಸ್ಕೂಲಿಗೆ ಕಂಪ್ಯೂಟರ್. ಅದೇ ಕಾಲಕ್ಕೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಪ್ರಾಥಮಿಕ ಶಾಲೆಗಳಿಗಾಗಿ ಪಠ್ಯಕ್ಕೆ ಹೊಂದುವ ಕಥೆ, ಆಟ, ಒಗಟುಗಳ ಸೀಡಿ ಮಾಡಿಸಿತು, ಕನ್ನಡದಲ್ಲಿ. ಮಕ್ಕಳು ಮೂರ್ನಾಲ್ಕು ಮಂದಿ ಒಂದು ಕಂಪ್ಯೂಟರ್ ಮುಂದೆ ಕೂತು ಆಡೋದು. ಮುಂದೆ ಅದು ಬೇರೆ ರಾಜ್ಯಗಳಿಗೆ, ಬೇರೆ ಭಾಷೆಗಳಿಗೂ ಹೋಯ್ತು. ನಮ್ಮ ಭಾಷೆಯ ಮಕ್ಕಳಿಗೆ ನಮ್ಮ ಭಾಷೆಯಲ್ಲಿ ಆಟ ಅನ್ನೋದು ಸಣ್ಣ ಮಾತಲ್ಲ.

ಆಮೇಲೆ? ಹೈಸ್ಕೂಲಿನ ಯೋಜನೆ ನಡೆದದ್ದು 'ಬೂಟ್' ಮಾದರಿಯಲ್ಲಿ. ಖಾಸಗಿ ಕಂಪನಿ ಲ್ಯಾಬ್ ಕಟ್ಟುತ್ತೆ, ಇಟ್ಟುಕೊಳ್ಳುತ್ತೆ, ನಡೆಸುತ್ತೆ, ಕರಾರಿನ ವರ್ಷ ಮುಗಿದ ಮೇಲೆ ಶಾಲೆಗೆ ಒಪ್ಪಿಸುತ್ತೆ. ಪಾಠ ಮಾಡೋರೂ ಕಂಪನಿಯವರೇ. ಹೆದ್ದಾರಿ ಕಟ್ಟೋಕೆ ಇದು ನಡೆಯಬಹುದು. ಆದ್ರೆ ಶಾಲೆಯ ಮಾಸ್ತರು ಕಲಿಯದೇ ಹೊರಗೇ ಉಳಿದ್ರೆ, ಕಂಪನಿ ಹೋದ ದಿನ ಕಲಿಸೋರೂ ಹೋದಂಗೆ. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಈ ಮಾದರಿ ಬಗ್ಗೆ ಹೇಳಿದ್ದು ಇದನ್ನೇ.

ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಅನುರಾಗ್ ಬೆಹರ್ 2010ರಲ್ಲಿ 'ಮಿಂಟ್' ಪತ್ರಿಕೆಯಲ್ಲಿ ಬರೆದದ್ದು ಇನ್ನೂ ಧೈರ್ಯದ್ದು. ವರ್ಷಗಟ್ಟಲೆ ಈ ಕೆಲಸ ಮಾಡಿದ ಸಂಸ್ಥೆಯವರೇ, ಕಂಪ್ಯೂಟರಿನ ಮೋಹ ನಮ್ಮನ್ನ ಶಿಕ್ಷಕರ ತಯಾರಿಯಂಥ ನಿಜವಾದ ಸಮಸ್ಯೆಯಿಂದ ದೂರ ಒಯ್ಯುತ್ತೆ ಅಂತ ಒಪ್ಪಿಕೊಂಡ್ರು.

ನಮ್ಮ ಕಲಾದಗಿಗೆ ಬಂದದ್ದು ಎದ್ದು ಹೋಗೋದು ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ನಾವು ಜಿಲ್ಲಾ ಕೇಂದ್ರ. 1880ರ ದಶಕದಲ್ಲಿ ಕಚೇರಿಗಳು ವಿಜಾಪುರಕ್ಕೆ ಹೋದ್ವು. ಆದ್ರೆ ಎಲ್ಲಾ ಕಡೆ ಹೀಗೇ ಆಯ್ತಾ?

ಭಾಗ 8/10: ಕಾಸರಗೋಡಿನ ಕನ್ನಡ ಮಕ್ಕಳು

ಇಲ್ಲ. ಕನ್ನಡದಲ್ಲೇ ಓದುವ ಇನ್ನೊಂದು ಗುಂಪಿನ ಮಕ್ಕಳಿದಾರೆ, 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ.

ಕೇರಳ ಶಾಲೆಗಳಲ್ಲಿ ಕಂಪ್ಯೂಟರ್ ಹೇಗೆ ತರಬೇಕು ಅಂತ ಹೇಳೋಕೆ ಒಂದು ಕಾರ್ಯಪಡೆ ಮಾಡಿತು. ಅದರ ಅಧ್ಯಕ್ಷರು ಇಸ್ರೋ ಮುಖ್ಯಸ್ಥರಾಗಿದ್ದ ನಮ್ಮ ಉಡುಪಿ ಕಡೆಯ ಯು. ಆರ್. ರಾವ್. 2001ರಲ್ಲಿ 'ಐಟಿ@ಸ್ಕೂಲ್' ಶುರುವಾಯ್ತು. ಅಂದ್ರೆ ನಮ್ಮ ಮಾಹಿತಿ ಸಿಂಧು ಬಂದ ಕಾಲಕ್ಕೇ. ವ್ಯತ್ಯಾಸ ಏನು? ಅಲ್ಲಿ ಶಾಲೆಯ ಮಾಸ್ತರುಗಳಿಗೇ ತರಬೇತಿ ಕೊಟ್ರು. ಮಾಸ್ತರುಗಳೇ ಬೇರೆ ಮಾಸ್ತರುಗಳಿಗೆ ಕಲಿಸಿದ್ರು, ರಿಪೇರಿ ಸುದ್ದಾ. 2008ರ ಹೊತ್ತಿಗೆ ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆ ಪೂರ್ತಿ ಲಿನಕ್ಸ್ ಮೇಲೆ ನಡೀತು. ಲೈಸೆನ್ಸ್ ಫೀ ಇಲ್ಲ, ಕಾಪಿ ಮಾಡೋಕೆ ಯಾರ ಅಪ್ಪಣೆಯೂ ಬೇಡ. ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಬಂತು. ಸಣ್ಣ ಮಕ್ಕಳ ಪುಸ್ತಕದ ಹೆಸರೇ 'ಕಳಿಪ್ಪೆಟ್ಟಿ'. ಮಲಯಾಳಂನಲ್ಲಿ ಆಟದ ಪೆಟ್ಟಿಗೆ ಅಂತ.

ಆ ಪೆಟ್ಟಿಗೆಯಲ್ಲಿ ಏನಿತ್ತು? ಒಂದು, 'ಜಿಕಾಂಪ್ರಿ'. ಫ್ರಾನ್ಸಿನ ಬ್ರೂನೋ ಕೂಡ್ವಾ 2000ದಲ್ಲಿ ಶುರು ಮಾಡಿದ ಉಚಿತ ಆಟಗಳ ಕಟ್ಟು. ಫ್ರೆಂಚ್‌ನಲ್ಲಿ ಆ ಹೆಸರು "ನನಗೆ ಗೊತ್ತಾಯ್ತು" ಅಂದಂಗೆ ಕೇಳುತ್ತೆ. ಒಳಗೆ ನೂರಕ್ಕೂ ಹೆಚ್ಚು ಚಟುವಟಿಕೆ: ಟ್ಯಾಂಗ್ರಾಮ್, ಹನೋಯ್ ಗೋಪುರ, ಕಾಲುವೆಯ ಗೇಟು ತೆಗೆದು ಮುಚ್ಚಿ ದೋಣಿ ದಾಟಿಸೋದು. ಒಂದರೊಳಗೊಂದು ಮೂರು ಚೌಕ ಬರೆದು ಮೂರು ಕಾಯಿ ಸಾಲು ಮಾಡೋ ಆಟಾನೂ ಈಗ ಅದರಲ್ಲಿದೆ. ನಮ್ಮ ಕಟ್ಟೆ ಮೇಲೆ ಇದ್ದಿಲಲ್ಲಿ ಗೀಚಿ ಆಡೋದು ಅದನ್ನೇ! ಇನ್ನೊಂದು, 2002ರಲ್ಲಿ ಬಿಲ್ ಕೆಂಡ್ರಿಕ್ ಶುರು ಮಾಡಿದ 'ಟಕ್ಸ್ ಪೇಂಟ್'.

ನಮ್ಮಲ್ಲೂ ಆಮೇಲೆ ಬುದ್ಧಿ ಬಂತು ಅನ್ನಿ. ಕರ್ನಾಟಕದ ಹೈಸ್ಕೂಲ್ ಮಾಸ್ತರುಗಳೇ ಸೇರಿ ಕನ್ನಡದಲ್ಲಿ ಉಚಿತ ಪಾಠ ಬರೆದು ಹಂಚಿಕೊಳ್ಳೋ 'ಕೋಯರ್' ಬಂತು. ಅಕ್ಷರ ಫೌಂಡೇಶನ್ನಿನ 'ಬಿಲ್ಡಿಂಗ್ ಬ್ಲಾಕ್ಸ್' ಗಣಿತದ ಆ್ಯಪ್ ಉಚಿತ, ಕನ್ನಡದಲ್ಲಿದೆ, ಇಂಟರ್‌ನೆಟ್ ಇಲ್ಲದೆಯೂ ಓಡುತ್ತೆ.

ಹಾಗಾದ್ರೆ ಅರವತ್ತು ಸಾವಿರ ಯಾಕೆ?

ಭಾಗ 9/10: ವಡೋದರಾದ ಲೆಕ್ಕ

ಅಪ್ಪ ಕೇಳಿದ್ದು ಲಾಭ ಐತೋ ಇಲ್ಲೋ ಅಂತ. ಅದಕ್ಕೆ ಅಂಕಿ ಬೇಕು. ಒಳ್ಳೆ ಅಂಕಿ ಸಿಕ್ಕಿದ್ದು ಗುಜರಾತಿನ ವಡೋದರಾದಿಂದ.

2000ದಲ್ಲಿ ಅಲ್ಲಿನ ಸುಮಾರು ನೂರು ಪಾಲಿಕೆ ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಬಂದಿದ್ವು. ಸಣ್ಣ ಇಯತ್ತೆಯ ಮಕ್ಕಳು ಅವುಗಳನ್ನ ಮುಟ್ಟಿದ್ದು ಕಡಿಮೆ. (ನೀಲಿ ಬಟ್ಟೆ ಅಲ್ಲೂ ಇತ್ತು ಅನಿಸುತ್ತೆ!) ಆಮೇಲೆ 'ಪ್ರಥಮ್' ಸಂಸ್ಥೆ ನಾಲ್ಕನೇ ಇಯತ್ತೆಯ ಮಕ್ಕಳಿಗೆ ಗಣಿತದ ಆಟ ಆಡಿಸಿತು. ವಾರಕ್ಕೆ ಎರಡೇ ತಾಸು, ಒಂದು ಕಂಪ್ಯೂಟರಿಗೆ ಇಬ್ಬರು. ಪಕ್ಕದಲ್ಲಿ ನಿಲ್ಲೋಕೆ ಅದೇ ಊರಿನ ಯುವಜನರು, ಅವರಿಗೆ ಐದು ದಿನದ ತರಬೇತಿ. ಅಳೆದವರು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು. ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು.

ಗಣಿತದ ಅಂಕ ಮೊದಲ ವರ್ಷ 0.35, ಎರಡನೇ ವರ್ಷ 0.47 ಪ್ರಮಾಣ ವಿಚಲನೆಯಷ್ಟು ಏರಿತು. ಸ್ಟ್ಯಾಟಿಸ್ಟಿಕ್ಸ್ ಮರೆತವರಿಗೆ: ನೂರು ಮಕ್ಕಳ ಸಾಲಿನಲ್ಲಿ 50ನೇ ಜಾಗದಲ್ಲಿದ್ದ ಮಗು ಸುಮಾರು 32ಕ್ಕೆ ಬಂದಂಗೆ. ಭಾಳ ದೊಡ್ಡದು. ಆದ್ರೆ ಕಾರ್ಯಕ್ರಮ ಬಿಟ್ಟು ಒಂದು ವರ್ಷ ಆದ ಮೇಲೆ ಉಳಿದದ್ದು ಸುಮಾರು 0.1. ಅಂದ್ರೆ 46ನೇ ಜಾಗ.

ಖರ್ಚು? ಮಗುವಿಗೆ ವರ್ಷಕ್ಕೆ ಸುಮಾರು 15 ಡಾಲರ್. ಅದೇ ಅಧ್ಯಯನದಲ್ಲಿ ಇನ್ನೊಂದು ದಾರಿಯೂ ಇತ್ತು: 'ಬಾಲಸಖಿ'. ಊರಿನ ಓದಿದ ಯುವತಿ ದಿನಾ ಎರಡು ತಾಸು ಹಿಂದುಳಿದ ಮಕ್ಕಳನ್ನ ಕೂರಿಸಿಕೊಂಡು ಕಲಿಸೋದು. ಎರಡನೇ ವರ್ಷ ಏರಿದ್ದು 0.28. ಖರ್ಚು ಸುಮಾರು 2.25 ಡಾಲರ್. ರೂಪಾಯಿಗೆ ರೂಪಾಯಿ ನೋಡಿದ್ರೆ ಯಾರು ಗೆದ್ರು ಅಂತ ನೀವೇ ಭಾಗಿಸಿ.

ಗುಜರಾತಿನದ್ದೇ ಇನ್ನೊಂದು ಅಧ್ಯಯನ ಲೀ ಲಿಂಡನ್ ಅವರದ್ದು. ಮಾಸ್ತರ ಪಾಠದ ಬದಲಿಗೆ ಕಂಪ್ಯೂಟರ್ ಇಟ್ಟಾಗ ಮಕ್ಕಳು ಹಿಂದೆ ಬಿದ್ರು. ಪಾಠದ ಜೊತೆಗೆ, ಶಾಲೆ ಮುಗಿದ ಮೇಲೆ ಆಡಿಸಿದಾಗ ಮುಂದೆ ಬಂದ್ರು.

ಅಂದ್ರೆ ಆಟ ಸುಳ್ಳಲ್ಲ. ಮಾಸ್ತರ ಜಾಗದಲ್ಲಿ ಆಟ ಕೂತರೆ ನಷ್ಟ, ಮಾಸ್ತರ ಪಕ್ಕದಲ್ಲಿ ಕೂತರೆ ಲಾಭ.

ಭಾಗ 10/10: ಶನಿವಾರ

ಅಪ್ಪನಿಗೆ ನಾನು ಕೊಟ್ಟ ಉತ್ತರ: "ಆಟದಿಂದ ಕಲೀತಾನ. ಆದ್ರ ಆ ರೊಕ್ಕದಾಗ ಆಟ ಅಷ್ಟ ಬರತೈತಿ, ಬಾಜೂಕ ಕುಂಡ್ರಾವರು ಬರೂದಿಲ್ಲ."

"ಹಂಗಾರ ಬಾಜೂಕ ಯಾರು ಕುಂಡ್ರಬೇಕು?" ಅಂದ ಅಪ್ಪ.

ಇದಕ್ಕೆ ಉತ್ತರ ನಾನು ಓದಿರಲಿಲ್ಲ. ಸಹಿ ಆಗಲಿಲ್ಲ, ಆದ್ರೆ ಕೆಲಸ ನನ್ನ ಕೊರಳಿಗೆ ಬಿತ್ತು. ಈಗ ದಿನಾ ರಾತ್ರಿ ಊಟಕ್ಕೆ ಮುಂಚೆ ನಾನು, ತಮ್ಮ, ನನ್ನ ಹಳೇ ಲ್ಯಾಪ್‌ಟಾಪ್. ಮೂರು ವಾರ ಆಯ್ತು. ಶಾಣ್ಯಾ ಆದ ಅಂತ ಬರೆಯೋಕೆ ಆಸೆ. ಸುಳ್ಳು ಹೇಳಲ್ಲ, ಭಾಗಾಕಾರ ಇನ್ನೂ ತಪ್ತಾನೆ. ಎರಡು ದಿನ ನಾನೇ ಸಿಟ್ಟಿಗೆದ್ದು ಬೈದೆ. ಮೌಸ್ ಕಸಿದು ನಾನೇ ಉತ್ತರ ಒತ್ತಿದೆ. ಆಮೇಲೆ ಅಮ್ಮನ ಒಡಪು ನೆನಪಾಯ್ತು. ಉತ್ತರ ಹೇಳದೆ ಕೂರೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಗ್ತಿದೆ. ಆ ಕಷ್ಟಕ್ಕೇ ಮಾಸ್ತರಿಕೆ ಅಂತ ಹೆಸರಿರಬೇಕು.

ಬದಲಾದದ್ದು ಒಂದೇ. ಮೊದಲು ತಪ್ಪಿದ್ರೆ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗ್ತಿದ್ದ. ಮೊನ್ನೆ ಹನೋಯ್ ಗೋಪುರದಲ್ಲಿ ಸಿಕ್ಕಿಬಿದ್ದಾಗ, "ನೀ ಏನೂ ಹೇಳಬ್ಯಾಡ, ಸುಮ್ನ ಕುಂಡ್ರು" ಅಂದ.

ನೀಲಿ ಬಟ್ಟೆ ಕೋಣೆಯ ಕೀಲಿ ಹೆಡ್‌ಮಾಸ್ತರು ಕೊಟ್ರು. ಹೋದ ಶನಿವಾರ ನಾವು ಮೂವರು ಹೋಗಿದ್ವಿ. ಐದರಲ್ಲಿ ಎರಡು ಯಂತ್ರ ಚಾಲೂ ಆದ್ವು. ಪೆನ್‌ಡ್ರೈವ್‌ನಿಂದ ಉಚಿತ ಆಟಗಳನ್ನ ಹಾಕಿದೀವಿ. ಈ ಕೊನೇ ಫೋಟೋ ಅಲ್ಲಿಯದೇ: ಒಂದು ಪರದೆ, ಐದು ಮಕ್ಕಳು, ಮೌಸಿಗಾಗಿ ಜಗಳ. ಮಕ್ಕಳ ಮುಖ ಬೇಕಂತಲೇ ತೋರಿಸಿಲ್ಲ.

ಈಗ ಬೇಕಾದದ್ದು: ಮೂರು ಹಳೇ ಮೌಸ್, ಒಂದು ಕೀಬೋರ್ಡ್. ಅದಕ್ಕಿಂತ ಮುಖ್ಯವಾಗಿ, ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ತಾಸು ಪಕ್ಕದಲ್ಲಿ ಕೂರೋ ಮಂದಿ. ಕಂಪ್ಯೂಟರ್ ಬರಬೇಕಂತಿಲ್ಲ. ಉತ್ತರ ಹೇಳದೇ ಕೂರೋಕೆ ಬಂದ್ರೆ ಸಾಕು.

ಬಾಗಲಕೋಟೆ, ಕಲಾದಗಿ ಕಡೆ ಇರೋರು ಮೆಸೇಜ್ ಮಾಡ್ರಿ. ಮತ್ತೆ ಕಮೆಂಟ್‌ನಲ್ಲಿ ಹೇಳಿ: ನಿಮಗೆ ಲೆಕ್ಕ ಕಲಿಸಿದ ಆಟ ಯಾವುದು? ಪಕ್ಕದಲ್ಲಿ ಯಾರು ಕೂತಿದ್ರು?

#ಕಲಾದಗಿ #ಬಾಗಲಕೋಟೆ #ಆಟದಿಂದಲೆಕ್ಕ #ಕನ್ನಡದಲ್ಲಿಕಲಿ